ಬಣ್ಣ ನುಂಗಿದ ಬೆಳಕು

ತಲಘಟ್ಟಪುರದ ನೆತ್ತಿಯ ಮೇಲೆ ಈಗ ಮೆಟ್ರೊ ಓಡುತ್ತದೆ. 2021ರ ಜನವರಿಯಲ್ಲಿ ಹಸಿರು ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಚಾಚಿಕೊಂಡಿತು. ಕನಕಪುರ ರಸ್ತೆಯ ನಡುವೆ ಸಾಲುಗಟ್ಟಿ ನಿಂತ ಕಂಬಗಳ ಪಕ್ಕದಲ್ಲೇ, ತಗಡಿನ ಶೆಡ್ಡೊಂದರಲ್ಲಿ ನನ್ನ ತಂದೆಯ ಯೆಜ್ಡಿ ಬೈಕು ಸೀಟು ಬಿಚ್ಚಿಕೊಂಡು ನಿಂತಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಈ ಗಾಡಿಯ ಎಂಜಿನ್ ಇವತ್ತಿಗೂ ಗಟ್ಟಿ, ಸೋತಿರುವುದು ಬೆಳಕು. ಹೊಸ 6 ವೋಲ್ಟ್ ಬ್ಯಾಟರಿ ಹಾಕಿಸಿದರೂ ಹೆಡ್‌ಲೈಟಿಗೆ ಎದುರಿನ ಕಂಬದ ಸಂಖ್ಯೆಯೂ ಕಾಣದು.

"ಎಲ್ಲಾ ಕಿತ್ತು 12 ವೋಲ್ಟ್ ಮಾಡಿಬಿಡಿ" ಎಂದೆ.

"ಮಾಡ್ಬಹುದು ಸಾರ್. ಮೊದ್ಲು ಇರೋ ಕರೆಂಟ್ ಎಲ್ಲಿಗೆ ಹೋಗ್ತಿದೆ ನೋಡೋಣ ಇರಿ" ಎಂದು ಮೆಕ್ಯಾನಿಕ್ ಮೀಟರು ಹಿಡಿದರು. ಬ್ಯಾಟರಿಯ ತುದಿಯಲ್ಲಿ 6.2, ಬಲ್ಬಿನ ಹೋಲ್ಡರಿನಲ್ಲಿ 4.7. ವೋಲ್ಟೇಜು ಕಾಲುಭಾಗ ಇಳಿದರೆ ಬಲ್ಬಿನ ಬೆಳಕು ಅರ್ಧಕ್ಕಿಂತಲೂ ಕೆಳಗೆ ಬೀಳುತ್ತದೆ. ಅದರಲ್ಲೂ 6 ವೋಲ್ಟಿನ ಗಾಡಿ ಬಹಳ ಸೂಕ್ಷ್ಮ. ಅದರ 35 ವ್ಯಾಟಿನ ಬಲ್ಬು ಸುಮಾರು 6 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನಲ್ಲಾದರೆ 3 ಸಾಕು. ಅಲ್ಲಿ ಕಣ್ಣಿಗೆ ಬೀಳದ ತುಕ್ಕು ಇಲ್ಲಿ ದೀಪವನ್ನೇ ಮಂಕಾಗಿಸುತ್ತದೆ.

ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತ ಬಂದ ಅವರ ಬೆರಳು ಚಾಸಿಯ ಬೋಲ್ಟೊಂದರ ಬಳಿ ನಿಂತಿತು. ವಾಷರಿನ ಅಡಿಯಲ್ಲಿ ಹೊಳೆಯುವ ಕಪ್ಪು ಬಣ್ಣ. ಎರಡು ವರ್ಷದ ಹಿಂದೆ ಆಸೆಯಿಂದ ನಾನೇ ಮಾಡಿಸಿದ್ದು. ಈ ಗಾಡಿಯಲ್ಲಿ ಕರೆಂಟು ಬ್ಯಾಟರಿಗೆ ಮರಳುವುದೇ ಕಬ್ಬಿಣದ ಮೈಯ ಮೂಲಕ. ಆ ದಾರಿಗೆ ಬಣ್ಣದ ಪದರ ಅಡ್ಡ ಕೂತಿತ್ತು.

"ಅರ್ತ್ ಬಿಟ್ಟಿದೆ ಸಾರ್."

ಉಪ್ಪುಕಾಗದದಿಂದ ಅವರು ಬೋಲ್ಟಿನ ಸುತ್ತ ಉಜ್ಜತೊಡಗಿದರು. ಕಪ್ಪು ಹೋಗಿ ಬೂದು, ಬೂದು ಹೋಗಿ ಬೆಳ್ಳಿ. ಮಳೆನೀರು ಕೂರದಂತೆ ಜೋಡಣೆಗೆ ತೆಳುವಾಗಿ ಗ್ರೀಸು ಸವರಿ, ಹೆಡ್‌ಲೈಟಿನಿಂದ ನೇರ ಬ್ಯಾಟರಿಗೆ ಬೇರೆಯೇ ಒಂದು ಅರ್ತ್ ತಂತಿ ಎಳೆದರು. ಟೇಪು ಸುತ್ತಿದ ಹಳೆಯ ಗಂಟುಗಳನ್ನು ಕತ್ತರಿಸಿ, ಬೆಸುಗೆ ಹಾಕಿ ಸ್ಲೀವ್ ತೊಡಿಸಿದರು. ಬಲಬದಿಯ ಕವರ್ ತೆಗೆದಾಗ ಡೈನಮೋದ ಕಾರ್ಬನ್ ಬ್ರಷ್ಷುಗಳು ಉಗುರಿನಷ್ಟಕ್ಕೆ ಸವೆದಿದ್ದವು, ಹೊಸವು ಕೂತವು.

ಆ ಡೈನಮೋ ಕೊಡುವುದೇ 45 ವ್ಯಾಟ್. ಹೆಡ್‌ಲೈಟು, ಹಿಂದಿನ ದೀಪ ಎರಡಕ್ಕೇ ಸುಮಾರು 40 ಹೋಗುತ್ತದೆ. ತೆವಳುವ ಸಂಜೆಯ ಜಾಮಿನಲ್ಲಿ ಡೈನಮೋ ನಿಧಾನವಾಗಿ, ಬ್ಯಾಟರಿಯೇ ಎಲ್ಲರನ್ನೂ ಸಾಕಬೇಕು. ಹಾಗಾಗಿ ಎರಡೇ ಬದಲಾವಣೆಗೆ ಒಪ್ಪಿದೆ: ಹಿಂದಕ್ಕೆ ಎಲ್‌ಇಡಿ ದೀಪ, ಚಾರ್ಜಿಂಗ್ ನಿಯಂತ್ರಿಸುವ ಹಳೆಯ ಕಟೌಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಮುಂದೆ 12 ವೋಲ್ಟ್ ಬೇಕೆನಿಸಿದರೆ ಬಲ್ಬು, ಹಾರ್ನು, ಕಾಯಿಲ್, ಬ್ಯಾಟರಿ ಎಲ್ಲವೂ ಬದಲಾಗಬೇಕು. ಆದರೆ ಕೊಳೆತ ತಂತಿಯ ಮೇಲೆ ಹೊಸ ಸಾಮಾನು ಕೂರಿಸುವುದು ನನಗೆ ಸರಿಬರುವುದಿಲ್ಲ.

ಏಳು ಗಂಟೆ. ಗೇರಿನ ಲಿವರನ್ನೇ ಒಳಗೊತ್ತಿ ಮೇಲಕ್ಕೆ ತಿರುಗಿಸಿ ಒದ್ದೆ. ನೀಲಿ ಹೊಗೆ, ಆ ಹಳೆಯ ಪಟಪಟ. ಆಕ್ಸಿಲರೇಟರ್ ತಿರುವಿದಾಗ ಚಾರ್ಜಿಂಗಿನ ಕೆಂಪು ದೀಪ ಆರಿತು. ಮೀಟರು ಹೋಲ್ಡರಿನಲ್ಲಿ 5.9 ತೋರಿಸಿತು. ಹುಡುಗನೊಬ್ಬ ಶೆಡ್ಡಿನ ದೀಪ ಆರಿಸಿದ. ರಸ್ತೆಯಾಚೆಯ ಕಂಬದ ಮೇಲೆ ಹಳದಿ ಬೆಳಕು ಹರಡಿ, ಅದರ ಸಂಖ್ಯೆ ಓದಲು ಬಂತು.