ಕಣ್ಣು ದೊಡ್ಡದಾದರೆ ಶೈಲಿ ಬದಲಾಯಿತೇ?

ಚಿತ್ರಕಲೆ ಕಲಿಯುತ್ತಿರುವ ಹುಡುಗಿಯೊಬ್ಬಳು ಕಳೆದ ತಿಂಗಳು ತಾನು ಸೃಷ್ಟಿಸಿದ ಪಾತ್ರವನ್ನು ನನಗೆ ತೋರಿಸಿದಳು. ಎರಡು ಜಡೆಯ ಪುಟ್ಟ ಹುಡುಗಿ, ಅಂಚಿಗೆಲ್ಲ ಹೂವಿರುವ ಲಂಗ. ಒಂದೇ ಪುಟದಲ್ಲಿ ಐದು ಅನಿಮೇಷನ್ ಶೈಲಿಗಳು. ನೋಡಲು ಚೆಂದ, ಆದರೆ ಕಣ್ಣು ಮೂಗು ಬಿಟ್ಟರೆ ಐದರಲ್ಲೂ ಮೈ ಅದೇ. “ಇವಳು ಹಿಂತಿರುಗಿ ನೋಡೋದನ್ನ ಬರೆದು ತೋರಿಸಮ್ಮ” ಎಂದೆ. ಪೆನ್ಸಿಲ್ ನಿಂತುಬಿಟ್ಟಿತು.

ಶೈಲಿಯೆಂದರೆ ಮುಖದ ಅಲಂಕಾರ ಎಂಬುದು ನಮ್ಮ ಕೆಲಸದ ಬಗ್ಗೆ ಇರುವ ಅತಿ ದೊಡ್ಡ ತಪ್ಪು ಕಲ್ಪನೆ. ಜಪಾನಿನ ಒಸಾಮು ತೆಜುಕಾ ದೊಡ್ಡ ಕಣ್ಣು ಬರೆಯುವುದನ್ನು ಕಲಿತದ್ದೇ ಅಮೆರಿಕದ ಕಾರ್ಟೂನುಗಳಿಂದ. 1963ರಲ್ಲಿ ಅವರ ‘ಆಸ್ಟ್ರೋ ಬಾಯ್’ ವಾರವಾರ ಟಿವಿಗೆ ಹೋಗಬೇಕಾದಾಗ ಹಣವೂ ಕಡಿಮೆ, ಸಮಯವೂ ಕಡಿಮೆ. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿದರೆ 8 ಚಿತ್ರದಲ್ಲಿ ಸೆಕೆಂಡು ಮುಗಿಯುತ್ತದೆ. ಅಲುಗಾಡದ ಚಿತ್ರವೇ ಭಾವವನ್ನೆಲ್ಲ ಹೊರಬೇಕಾದಾಗ ಭಂಗಿಯ ಮೇಲೆ, ನೋಟದ ಮೇಲೆ ಭಾರ ಬೀಳುತ್ತದೆ. ಕಣ್ಣಿನ ಅಳತೆಯನ್ನಷ್ಟೇ ನಕಲು ಮಾಡಿದರೆ ಇದು ಬರುವುದಿಲ್ಲ.

“ಗೆರೆ ಕಡಿಮೆ ಇದ್ದರೆ ಕೆಲಸ ಸುಲಭ” ಎನ್ನುವವರಿಗೆ ನಾನು ಯೋಗಿ ಕರಡಿಯ ಕೊರಳು ತೋರಿಸುತ್ತೇನೆ. ಹ್ಯಾನಾ ಮತ್ತು ಬಾರ್ಬೆರಾ ಜೋಡಿ 1940ರಲ್ಲಿ ಸಿನಿಮಾಕ್ಕೆಂದು ಶುರುಮಾಡಿದ ‘ಟಾಮ್ ಅಂಡ್ ಜೆರ್ರಿ’ಯಲ್ಲಿ ಬೆಕ್ಕಿನ ಇಡೀ ಮೈ ಹಿಗ್ಗುತ್ತದೆ, ಕುಗ್ಗುತ್ತದೆ. ಅದೇ ಜೋಡಿ ಟಿವಿಗೆ ಬಂದು 1958ರಲ್ಲಿ ಯೋಗಿಯನ್ನು ತಂದಾಗ ಅಷ್ಟು ಚಿತ್ರ ಬರೆಯಲು ಪುರುಸೊತ್ತಿಲ್ಲ. ಮೈಯನ್ನು ಒಂದು ಪಾರದರ್ಶಕ ಹಾಳೆಯ ಮೇಲೆ ಹಾಗೇ ನಿಲ್ಲಿಸಿ, ತಲೆಯನ್ನು ಇನ್ನೊಂದು ಹಾಳೆಯಲ್ಲಿ ಬೇರೆಯಾಗಿ ಆಡಿಸಬೇಕು. ಹಾಗೆ ಮಾಡಿದರೆ ಕತ್ತಿನ ಹತ್ತಿರ ಕೂಡಿಕೆ ಕಾಣುತ್ತದೆ. ಅದಕ್ಕೇ ಅಂಗಿಯಿಲ್ಲದ ಕರಡಿಗೆ ಕಾಲರ್, ಟೈ! ಕೂಡಿಕೆ ಕಾಲರಿನ ಹಿಂದೆ ಅಡಗಿತು. ನೋಡುವ ಮಗುವಿಗೆ ಅದು ಕರಡಿಯ ಠೀವಿ. ಇಷ್ಟು ದೊಡ್ಡ ತೊಡಕನ್ನು ಒಂದು ಪಟ್ಟಿಯಲ್ಲಿ ಬಿಡಿಸಿದ ಕೈಗೆ ನಾನು ಇಂದಿಗೂ ತಲೆಬಾಗುತ್ತೇನೆ. ಇದನ್ನು ಸೋಮಾರಿತನ ಎನ್ನಲು ನನ್ನಿಂದಾಗದು.

ಬೇರೆ ಬೇರೆ ಶೈಲಿಯಲ್ಲಿ ಬರೆದರೆ ಸ್ವಂತ ಕೈಬರಹ ಹೋಗುತ್ತದೆ ಎಂಬ ಭಯವೂ ಇದೆ. ಹೋಗುವುದಿಲ್ಲ. ಸ್ಟುಡಿಯೋಗಳಲ್ಲಿ ಎಷ್ಟೋ ಕೈಗಳು ಒಂದೇ ಮಾಡೆಲ್ ಶೀಟ್, ಅಂದರೆ ಪಾತ್ರದ ಮಾದರಿ ಹಾಳೆ, ಎದುರಿಟ್ಟುಕೊಂಡು ಬರೆಯುತ್ತವೆ. ಪಳಗಿದ ಕಣ್ಣಿಗೆ ಯಾರ ಕೈ ಯಾವುದೆಂದು ಆಗಲೂ ಗೊತ್ತಾಗುತ್ತದೆ.

ಹಾಗಾದರೆ ಶೈಲಿ ಬದಲಾದಾಗ ಪಾತ್ರವೇ ಕೆಡುವುದಿಲ್ಲವೇ? ಮಿಕ್ಕಿ ಮೌಸ್‌ನನ್ನು ನೋಡಿ. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಅವನ ಕೈಕಾಲು ರಬ್ಬರ್ ಕೊಳವೆ, ಕಣ್ಣು ಬರೀ ಕಪ್ಪು ಬೊಟ್ಟು. 1940ರ ‘ಫ್ಯಾಂಟೇಸಿಯಾ’ದ ಹೊತ್ತಿಗೆ ಡಿಸ್ನಿಯ ಅನಿಮೇಟರ್ ಫ್ರೆಡ್ ಮೂರ್ ಅವನ ಮೈಯನ್ನು ಮೆತ್ತಗಾಗಿಸಿ, ಕಣ್ಣಿಗೆ ಬಿಳಿಯನ್ನೂ ಪಾಪೆಯನ್ನೂ ಇಟ್ಟಿದ್ದರು. ಆದರೂ ಅವನು ಮಿಕ್ಕಿಯೇ, ಏಕೆಂದರೆ ಕಿವಿ ಬದಲಾಗಲಿಲ್ಲ. ಆ ಕಿವಿಗಳಲ್ಲೊಂದು ಸುಳ್ಳಿದೆ: ತಲೆ ಯಾವ ಕಡೆ ತಿರುಗಿದರೂ ಅವು ದುಂಡಗೇ ಕಾಣುತ್ತವೆ. ಕಾಗದದ ಮೇಲೆ ಅದಕ್ಕಾಗಿ ಕಿವಿಗಳನ್ನು ತಲೆಯ ಮೇಲೆ ಜಾರಿಸಿದರಾಯಿತು. ಕಂಪ್ಯೂಟರಿನ ಮೂರು ಆಯಾಮದ ಮಾದರಿಯಲ್ಲಿ ತಲೆ ಪಕ್ಕಕ್ಕೆ ತಿರುಗಿದರೆ ತಟ್ಟೆಯಂಥ ಕಿವಿ ತೆಳುವಾದ ಗೆರೆಯಾಗಿಬಿಡುತ್ತದೆ, ಹಾಗಾಗಿ ಅಲ್ಲೂ ಕಿವಿಯನ್ನು ಜಾರಿಸಲೇಬೇಕು. ಚಾರ್ಲ್ಸ್ ಶುಲ್ಜ್ ಅವರ ಪತ್ರಿಕೆಯ ಕಾಮಿಕ್ ಸ್ಟ್ರಿಪ್‌ನ ಚಾರ್ಲಿ ಬ್ರೌನ್ 2015ರಲ್ಲಿ ಮೂರು ಆಯಾಮಕ್ಕೆ ಬಂದಾಗಲೂ ಅವನ ತಲೆ ಬೊಂಬೆಯಂತೆ ನುಣ್ಣಗೆ ಸುತ್ತಲಿಲ್ಲ. ಒಂದು ಭಂಗಿಯಿಂದ ಇನ್ನೊಂದಕ್ಕೆ ಜಿಗಿಯಿತು. ಒಂದು ಪಾತ್ರ ಯಾವ ಸುಳ್ಳಿನ ಮೇಲೆ ಬದುಕಿದೆ ಎಂಬುದನ್ನು ಮೊದಲು ಕಂಡುಹಿಡಿದು, ಅದಕ್ಕೆ ಕೈಹಾಕದೆ ಉಳಿದದ್ದನ್ನು ಬದಲಿಸುವುದೇ ನಮ್ಮ ಕಸುಬು.

ಆ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ಟಿವಿ ಶೈಲಿಯ ಚಿತ್ರದಲ್ಲಿ ಪುಟ್ಟಿಯ ಕತ್ತಿಗೆ ಒಂದು ದುಪಟ್ಟಾ ಸುತ್ತಿದ್ದಾಳೆ. ತಲೆ ಈಗ ಸಲೀಸಾಗಿ ತಿರುಗುತ್ತದೆ. ಪ್ರತಿ ಚಿತ್ರಕ್ಕೂ ಲಂಗದ ಅಂಚಿನ ಹೂಗಳನ್ನು ಎಣಿಸಿ ಬರೆಯಬೇಕಾಗುತ್ತದೆ ಎಂದೂ ಅವಳಿಗೆ ಗೊತ್ತಾಗಿದೆ. ಅಳಿಸಲು ಮಾತ್ರ ಇನ್ನೂ ಮನಸ್ಸು ಬಂದಿಲ್ಲ.