ಬ್ಯಾಕ್‌ಹ್ಯಾಂಡ್ ಯಾಕೆ ಕೈಕೊಡುತ್ತೆ? ಒಂದು ಗೋಡೆ, ಒಂದು ಮೊಬೈಲ್ ಇದ್ದರೆ ಸರಿಮಾಡಬಹುದು

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಟೆನಿಸ್ ಶುರುಮಾಡಿದ ಹುಡುಗರು, ಹುಡುಗಿಯರು ಕೇಳೋದು ಒಂದೇ: "ಫೋರ್‌ಹ್ಯಾಂಡ್ ಚಲೋ ಬೀಳ್ತದ, ಬ್ಯಾಕ್‌ಹ್ಯಾಂಡ್ ಮಾತ್ರ ನೆಟ್‌ಗೆ ಹೋಗ್ತದ, ಇಲ್ಲಾ ಕಂಪೌಂಡ್ ದಾಟ್ತದ." ಇವತ್ತು ಅದನ್ನೇ ಮಾತಾಡೋಣ.

ನಮ್ಮ ಕಡೆ ಬಹಳ ಮಂದಿ ಟೆನಿಸ್‌ಗೆ ಬರೋದು ಶಟಲ್ ಆಡಿಕೊಂಡು. ತೊಂದರೆ ಅಲ್ಲೇ ಶುರು. ಶಟಲ್‌ನಲ್ಲಿ ಮಣಿಕಟ್ಟು ಝಾಡಿಸಿದರೆ ಸಾಕು, ಕಾಕ್ ಹಾರಿ ಹೋಗುತ್ತೆ. ಅದರ ತೂಕ ಸುಮಾರು 5 ಗ್ರಾಂ. ಟೆನಿಸ್ ಚೆಂಡು 56ರಿಂದ 59 ಗ್ರಾಂ, ರಾಕೆಟ್ ಸುಮಾರು 300 ಗ್ರಾಂ. ಇಲ್ಲಿ ಮಣಿಕಟ್ಟನ್ನೇ ನಂಬಿದರೆ ಪೆಟ್ಟೆಲ್ಲ ಮುಂಗೈ ಸ್ನಾಯುಗಳಿಗೆ ಬೀಳುತ್ತೆ. ಆ ಸ್ನಾಯುಗಳು ಮೊಣಕೈ ಹೊರಬದಿಯ ಎಲುಬಿಗೆ ಅಂಟಿರೋ ಜಾಗದಲ್ಲಿ ನೋವು ಹಿಡಿಯುತ್ತೆ. ಅದೇ ಟೆನಿಸ್ ಎಲ್ಬೋ. ಒಮ್ಮೆ ಬಂತಂದ್ರೆ ಆಟ ಹಾಳಾಗಿ ಹೋಗಲಿ, ನೀರಿನ ಕೊಡ ಎತ್ತೋದು, ಬೈಕಿನ ಎಕ್ಸಲರೇಟರ್ ತಿರುಗಿಸೋದೂ ತಿಂಗಳುಗಟ್ಟಲೆ ಕಷ್ಟ.

ಅದಕ್ಕೇ ನನ್ನ ಅಭಿಪ್ರಾಯ: ಹೊಸಬರು ಎರಡು ಕೈಯಿಂದಲೇ ಹೊಡೀರಿ. ಬಲಗೈ ಆಟಗಾರರಿಗೆ ಹೇಳ್ತೀನಿ, ಎಡಗೈಯವರು ಉಲ್ಟಾ ಮಾಡ್ಕೊಳ್ಳಿ. ಬಲಗೈ ಕೆಳಗೆ, ಸುತ್ತಿಗೆ ಹಿಡಿದ ಹಾಗೆ. ಎಡಗೈ ಅದರ ಮೇಲೆ, ಹಿಡಿಕೆಗೆ ಶೇಕ್‌ಹ್ಯಾಂಡ್ ಕೊಟ್ಟ ಹಾಗೆ. ಹೆಚ್ಚಿನ ಕೆಲಸ ಎಡಗೈದು. ಅದು ಎಡಗೈ ಫೋರ್‌ಹ್ಯಾಂಡ್ ಅಂದ್ಕೊಳ್ಳಿ. ನಂಬಿಕೆ ಬರಲಿಲ್ಲ ಅಂದ್ರೆ ಗೋಡೆಗೆ ಎಡಗೈ ಒಂದರಿಂದಲೇ 20 ಚೆಂಡು ಮೆಲ್ಲಗೆ ಹೊಡೆದು ನೋಡ್ರಿ. ಮೊದಲ ದಿನ ನಗು ಬರುತ್ತೆ, ಬರಲಿ. ಆಮೇಲೆ ಎರಡೂ ಕೈ ಸೇರಿಸಿದಾಗ ವ್ಯತ್ಯಾಸ ಗೊತ್ತಾಗುತ್ತೆ.

ಇನ್ನು ನೆಟ್‌ಗೆ ಹೋಗೋ ಚೆಂಡು. ಬಹುಪಾಲು ಸಲ ಕಾರಣ ತಡ. ಚೆಂಡು ನೆಲಕ್ಕೆ ಬಿದ್ದ ಮೇಲೆ ರಾಕೆಟ್ ಹಿಂದಕ್ಕೆ ಒಯ್ತೀವಿ, ಅಷ್ಟರಲ್ಲಿ ಚೆಂಡು ಹೊಟ್ಟೆ ಹತ್ತಿರ ಬಂದಿರುತ್ತೆ. ಎದುರಿನವರ ರಾಕೆಟ್ಟಿನಿಂದ ಚೆಂಡು ಹೊರಟ ತಕ್ಷಣ ಭುಜ ತಿರುಗಿಸಿ, ಬಲಭುಜ ನೆಟ್ ಕಡೆ ನೋಡಬೇಕು. ಮುಂದಿನ ಕಾಲಿಗಿಂತ ಸ್ವಲ್ಪ ಮುಂದೆ, ಸೊಂಟದ ಎತ್ತರದಲ್ಲಿ ಚೆಂಡು ಸಿಗಬೇಕು. ರಾಕೆಟ್ ಕೆಳಗಿನಿಂದ ಮೇಲಕ್ಕೆ ಹೋದರೆ ಚೆಂಡು ನೆಟ್ ದಾಟಿ ಒಳಗೇ ಬೀಳುತ್ತೆ.

ಕೋಚ್ ಇಲ್ವಾ? ಮೊಬೈಲ್ ಪಕ್ಕಕ್ಕೆ ನಿಲ್ಲಿಸಿ ಸ್ಲೋ ಮೋಷನ್‌ನಲ್ಲಿ ಹತ್ತು ಹೊಡೆತ ರೆಕಾರ್ಡ್ ಮಾಡ್ರಿ. ಚೆಂಡು ನೆಲಕ್ಕೆ ಬೀಳೋ ಮುಂಚೆ ಭುಜ ತಿರುಗಿದೆಯಾ? ಅದೊಂದೇ ನೋಡ್ರಿ. ಶಾಲೆ ಗೋಡೆಯಾದ್ರೆ ಕೇಳಿಕೊಂಡೇ ಆಡ್ರಿ. 5-6 ಮೀಟರ್ ದೂರ ನಿಂತು, ಎರಡು ಪುಟ ಬಿಟ್ಟು ಹೊಡೆದರೂ ನಡೆಯುತ್ತೆ. ಬೇಸಿಗೇಲಿ ಬೆಳಗ್ಗೆ ಏಳರೊಳಗೆ ಮುಗಿಸ್ರಿ, ನಮ್ಮ ರಾಯಚೂರು ಬಿಸಿಲು ಗೊತ್ತಲ್ಲ.

ಒಂದೇ ಕೈಯಲ್ಲಿ ಹೊಡೆಯೋದೇ ಸ್ಟೈಲು ಅನ್ನೋರಿಗೂ ಒಂದು ಮಾತು. ಅದು ಚೆಂದ, ಆದರೆ ಕಷ್ಟ. 2024ರ ಫೆಬ್ರವರಿಯಲ್ಲಿ ಪುರುಷರ ಸಿಂಗಲ್ಸ್ ಟಾಪ್ 10ರಲ್ಲಿ ಒಂದು ಕೈ ಬ್ಯಾಕ್‌ಹ್ಯಾಂಡ್‌ನವರು ಒಬ್ಬರೂ ಇರಲಿಲ್ಲ. 1973ರಲ್ಲಿ ರ‍್ಯಾಂಕಿಂಗ್ ಶುರುವಾದ ಮೇಲೆ ಅದೇ ಮೊದಲು. ಅದಕ್ಕೆ ಒಂದು ತಿಂಗಳು ಮುಂಚೆ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಅದೇ ಒಂದು ಕೈ ಬ್ಯಾಕ್‌ಹ್ಯಾಂಡ್‌ನವರು, 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ 1 ಆದರು. ಹಾಗಾಗಿ ಒಂದು ಕೈ ಬೇಡ ಅಂತಲ್ಲ. ಎಡಗೈಯಿಂದ ರಾಕೆಟ್ಟಿನ ಕತ್ತು ಹಿಡಿದು ಹಿಂದಕ್ಕೆ ಒಯ್ಯಿರಿ, ಹೊಡೆಯುವಾಗ ಮಣಿಕಟ್ಟು ಗಟ್ಟಿ ಇರಲಿ.

ಮೊಣಕೈ ಹೊರಗಡೆ ಚುಚ್ಚಿದಂತಾದರೆ ಅವತ್ತೇ ನಿಲ್ಲಿಸ್ರಿ. ವಿಶ್ರಾಂತಿ ಕೊಟ್ಟರೂ ನೋವು ಇಳಿಯದಿದ್ದರೆ ಎಲುಬು ಡಾಕ್ಟರಿಗೋ ಫಿಸಿಯೋಗೋ ತೋರಿಸ್ರಿ. ಪೇನ್ ಕಿಲ್ಲರ್ ನುಂಗಿ ಮಾತ್ರ ಆಡಬೇಡ್ರಿ.