ಮಧುವಿನ ನಂಟರು

ಪೋಲೆಂಡಿನ ಜನರು ಜೇನುತುಪ್ಪವನ್ನು ‘ಮ್ಯೂತ್’ ಎನ್ನುತ್ತಾರೆ. ಬರಹದಲ್ಲಿ ಅದರ ಕೊನೆಯಕ್ಷರ ‘ದ್’. ಪದಾಂತ್ಯದಲ್ಲಿ ಅದು ‘ತ್’ ಎಂದು ಕೇಳಿಸುತ್ತದೆ. ಷಷ್ಠೀ ವಿಭಕ್ತಿಯಲ್ಲಿ ‘ಮ್ಯೋದು’ ಎಂದಾಗುತ್ತಲೇ ‘ದ’ಕಾರ ಮರಳಿ ಬರುತ್ತದೆ. ಐರ್ಲೆಂಡಿನ ಹಳೆಯ ಗ್ರಂಥಗಳಲ್ಲಿ ಜೇನಿನಿಂದ ಮಾಡಿದ ಮದ್ಯಕ್ಕೆ ‘ಮಿದ್’ ಎಂದು ಹೆಸರು. ಇವನ್ನು ಕೇಳಿದೊಡನೆ ನಮಗೆ ಸಂಸ್ಕೃತದ ‘ಮಧು’ ನೆನಪಾಗದಿರದು. ಇದು ಆಕಸ್ಮಿಕವೋ, ನಿಜವಾದ ನಂಟೋ?

ಹೋಲಿಕೆಯೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಗ್ರೀಕರ ‘ಥೆಯೋಸ್’ ಶಬ್ದಕ್ಕೆ ‘ದೇವ’ ಎಂದೇ ಅರ್ಥ, ಧ್ವನಿಯೂ ಸಮೀಪವೇ. ಆದರೂ ಇವೆರಡರ ಮೂಲ ಬೇರೆ. ಆದುದರಿಂದ ಭಾಷಾವಿಜ್ಞಾನಿಗಳು ಹುಡುಕುವುದು ಹೋಲಿಕೆಯನ್ನಲ್ಲ, ವ್ಯತ್ಯಾಸದಲ್ಲಿರುವ ನಿಯಮವನ್ನು. ‘ಮಧು’ವಿನಲ್ಲಿ ‘ಧ’ ಇದ್ದೆಡೆ ಪೋಲಿಷ್, ಐರಿಷ್ ಎರಡರಲ್ಲಿಯೂ ‘ದ’ ಇದೆ. ಸಂಸ್ಕೃತದ ‘ವಿಧವಾ’ ಪೋಲಿಷಿನಲ್ಲಿ ‘ವ್ದೋವಾ’, ಹಳೆಯ ಐರಿಷಿನಲ್ಲಿ ‘ಫೆದ್ವ್’. ಇಲ್ಲಿಯೂ ಅದೇ ನಿಯಮ. ಮೊದಲಿನ ‘ವ’ ಐರಿಷಿನಲ್ಲಿ ‘ಫ’ ಆದುದೂ ನಿಯಮವೇ: ‘ವೀರ’ದ ನಂಟನಾದ ‘ಫೆರ್’ ಎಂದರೆ ಅಲ್ಲಿ ಗಂಡಸು. ಹೀಗೆ ನಿಯಮ ಮರುಕಳಿಸಿದಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದನು. ಸ್ಲಾವಿಕ್ ಮತ್ತು ಕೆಲ್ಟಿಕ್ ಭಾಷೆಗಳೂ ಅದೇ ಕುಟುಂಬದವೆಂದು ಮುಂದೆ ಸ್ಥಿರಪಟ್ಟಿತು.

ಜೇನು, ಮದ್ಯ ಎಂಬ ಎರಡರ್ಥಗಳು ಬೆರೆತುದೇಕೆ? ಗಟ್ಟಿಯಾದ ಜೇನುತುಪ್ಪದಲ್ಲಿ ನೀರಿನ ಅಂಶ ಅಲ್ಪವಾದುದರಿಂದ ಯೀಸ್ಟ್ ಬೆಳೆಯಲಾರದು. ನೀರು ಬೆರೆಸಿಟ್ಟರೆ ಅದು ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈ ಆಕ್ಸೈಡಾಗಿಯೂ ಮಾರ್ಪಡಿಸುತ್ತದೆ. ಪೋಲಿಷಿನಲ್ಲಿ ಒಂದೇ ಶಬ್ದ ಇಂದಿಗೂ ಎರಡಕ್ಕೂ ಸಲ್ಲುತ್ತದೆ. ಐರಿಷಿನಲ್ಲಾದರೋ ಮದ್ಯವೊಂದೇ ಉಳಿಯಿತು. ಜೇನಿಗೆ ‘ಮಿಲ್’ ಎಂಬ ಬೇರೆ ಶಬ್ದವಿದೆ. ಐರಿಷ್ ಪುರಾಣದ ರಾಣಿ ಮೆದ್ವ್ ಎಂಬವಳ ಹೆಸರಿಗೆ ‘ಅಮಲೇರಿಸುವವಳು’ ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ.

ಪೋಲಿಷಿನಲ್ಲಿ ಕರಡಿಗಿರುವ ಹೆಸರು ‘ನ್ಯೆಜ್‌ವ್ಯೆಚ್’. ಮೊದಲಿನ ‘ಮ’ಕಾರ ‘ನ’ಕಾರವಾದ ಈ ಶಬ್ದಕ್ಕೆ ಮೂಲಾರ್ಥ ‘ಜೇನು ತಿನ್ನುವುದು’. ಋಗ್ವೇದದಲ್ಲಿ ಹಕ್ಕಿಗಳಿಗೆ ಹೇಳಿರುವ ‘ಮಧ್ವದ’ ಎಂಬ ವಿಶೇಷಣದ ಅರ್ಥವೂ ಇದೇ.

ಹಾಗಾದರೆ ಕನ್ನಡವೂ ಪೋಲಿಷಿನ ನಂಟನೇ? ಅಲ್ಲ. ‘ಮಧು’ ನಾವು ಸಂಸ್ಕೃತದಿಂದ ಪಡೆದ ಎರವಲು. ನಮ್ಮ ಸ್ವಂತ ಶಬ್ದ ‘ಜೇನು’. ತಮಿಳಿನ ‘ತೇನ್’, ತೆಲುಗಿನ ‘ತೇನೆ’ ಅದರ ಒಡಹುಟ್ಟುಗಳು. ದಕ್ಷಿಣದ ಭಾಷೆಗಳು ಪ್ರತ್ಯೇಕ ಕುಟುಂಬವೆಂದು ಎಲ್ಲಿಸ್ 1816ರಲ್ಲಿಯೇ ತೋರಿಸಿಕೊಟ್ಟನು. ಎರವಲು ಯಾವುದು, ಹುಟ್ಟಿನ ನಂಟು ಯಾವುದು ಎಂಬ ವಿವೇಚನೆಯಿಲ್ಲದೆ ಶಬ್ದದ ಚರಿತ್ರೆಯನ್ನು ಬರೆಯಲಾಗದು.